ವೈನಿಯ ಒತ್ತಾಯ

ನಮ್ಮ ವೈನಿಗೆ ಎಲ್ಲ ಮಾತೂ ಚೆನ್ನಾಗಿ ಕೇಳಿಸುತ್ತದೆ, ‘ಬೇಡ’ ಎಂಬುದೊಂದನ್ನು ಬಿಟ್ಟು! ನನ್ನ ಅಣ್ಣನ ಹೆಂಡತಿ, ಧಾರವಾಡದವರು. ‘ಸಾಕು’ ಎಂದು ತಟ್ಟೆಗೆ ಕೈ ಅಡ್ಡ ಹಿಡಿದವರ ಕೈಮೇಲೆಯೇ ಪಾಯಸ ಸುರಿದ ಖ್ಯಾತಿ ಅವರದು. “ಬ್ಯಾಡ ಅಂದ್ರ ಬ್ಯಾಡ ಅಂತಲ್ಲೋ. ಇನ್ನೊಮ್ಮೆ ಕೇಳ್ರಿ ಅಂತ” ಎನ್ನುವುದು ಅವರ ಸಿದ್ಧಾಂತ.

ಇಂಥವರನ್ನು ಭೂಮಿಯ ದಕ್ಷಿಣ ತುದಿಯ ಡನೀಡಿನ್ ಊರಿನಲ್ಲಿ ಮನೆಯಿಲ್ಲದವರ ಆಶ್ರಯದ ಕೆಲಸಕ್ಕೆ ಸೇರಿಸಿಕೊಂಡವರ ಧೈರ್ಯವೇ ಧೈರ್ಯ! ಇಪ್ಪತ್ತು ವರ್ಷದ ಹಿಂದಿನ ಮಾತು. ಹಿಮ ಬೀಳುವ ಸೂಚನೆ ಬಂದ ದಿನ ಮಾತ್ರ ಚರ್ಚಿನ ಹಾಲ್ ತೆರೆದು ಹಾಸಿಗೆ, ಬಿಸಿ ಸೂಪು ಕೊಡುತ್ತಿದ್ದರು. ಸೂಪು ವೈನಿಯದು, ಕಾರು ಓಡಿಸುವುದು ನನ್ನದು. ಉಸ್ತುವಾರಿ ಹೆಲೆನ್ ಎಂಬಾಕೆಯ ನಿಯಮ ಒಂದೇ: ಒಂದು ಸಲ ಕೇಳಿ, ‘ನೋ’ ಅಂದರೆ ಬಿಟ್ಟುಬಿಡಿ.

ವೈನಿ ಬಿಡುವುದುಂಟೇ? ಮೊದಲ ವಾರವೇ ಒಬ್ಬನಿಗೆ ಸೂಪಿನ ಮೇಲೆ ಸೂಪು ಬಡಿಸಿದ್ದಕ್ಕೆ ಅವನು ಹಾಲ್ ಬಿಟ್ಟೇ ಓಡಿದ! ಆ ಚಳಿಯಲ್ಲಿ ಊರೆಲ್ಲ ಅಲೆದು ಹುಡುಕಿ ತಂದೆವು. ಇನ್ನೊಮ್ಮೆ ಹೀಗಾದರೆ ನೀವು ಬರುವುದೇ ಬೇಡ ಎಂದಳು ಹೆಲೆನ್. ವೈನಿ ಕಾರಿನಲ್ಲಿ ಕೂತು ಸಮಾಧಾನವಾಗಿ, “ಬ್ಯಾಡ ಅಂದ್ಲಲ್ಲ, ಅಂದ್ರ ಬರ್ರಿ ಅಂತ” ಎಂದರು.

ಆಗಸ್ಟಿನ, ಅಂದರೆ ಅಲ್ಲಿಯ ಚಳಿಗಾಲದ, ಒಂದು ಸಂಜೆ ಹಿಮ ಜೋರಾಯಿತು. ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಒಬ್ಬ ಮುದುಕ ಕೂತಿದ್ದ. ತೆಳ್ಳನೆಯ ಜಾಕೆಟ್, ನೆನೆದ ಬೂಟು. ಹೆಲೆನ್ ಹೋಗಿ ಕರೆದಳು. “ನೋ, ಐಯಾಮ್ ಫೈನ್” ಎಂದ. ಬಾಗಿಲು ಹಾಕುವ ಹೊತ್ತು ಬಂದಿತ್ತು. ಹಾಕಿದರೆ ಬೆಳಗಿನವರೆಗೆ ಯಾರನ್ನೂ ಸೇರಿಸುವಂತಿಲ್ಲ. ಹೊರಗೇ ಉಳಿದರೆ ಈ ಮುದುಕ ಬೆಳಗು ಕಾಣುವುದು ಅನುಮಾನ. ಒತ್ತಾಯ ಮಾಡಿದರೆ ಎದ್ದು ಕತ್ತಲಲ್ಲಿ ಹೊರಟೇಬಿಡುತ್ತಾನೆ. ಆಮೇಲೆ ಎಲ್ಲಿ ಹುಡುಕುವುದು?

ಅಷ್ಟರಲ್ಲಿ ವೈನಿ ಕೋಟೂ ಇಲ್ಲದೆ, ಸೀರೆಯ ಮೇಲೊಂದು ಸ್ವೆಟರಿನಲ್ಲಿ ರಸ್ತೆ ದಾಟುತ್ತಿದ್ದರು. ಮುಗಿಯಿತು ಕಥೆ ಎಂದುಕೊಂಡೆ. ಆದರೆ ಅವರು ಬೆಂಚಿನ ಇನ್ನೊಂದು ತುದಿಗೆ ಕೂತು ಸುಮ್ಮನಾದರು. ನಮ್ಮ ವೈನಿ, ಸುಮ್ಮನೆ! ಹೆಲೆನ್ ಬಾಗಿಲು ಹಿಡಿದು ನಿಂತೇ ಇದ್ದಳು. ಹಾಕುವ ಹೊತ್ತು ಮೀರಿತ್ತು, ಹಾಕಲಿಲ್ಲ. ವೈನಿಯ ತಲೆಯ ಮೇಲೆ ಹಿಮ ಬಿಳಿಯಾಗಿ ಕೂರತೊಡಗಿತು.

ಕೊನೆಗೆ ಮುದುಕನೇ ತಿರುಗಿ, ಒಳಗೆ ಹೋಗಮ್ಮ ಎಂದ.

“ನೋ, ಐಯಾಮ್ ಫೈನ್” ಎಂದರು ವೈನಿ, ಹಲ್ಲು ಕಟಕಟಿಸುತ್ತ.

ಅವನು ಮತ್ತೆ ಹೇಳಿದ. ಇವರು ತಲೆಯಾಡಿಸಿದರು. ಮೂರನೆಯ ಸಲ ಅವನು ಗೊಣಗುತ್ತ ಎದ್ದು, ತನ್ನ ಜಾಕೆಟ್ ಬಿಚ್ಚಿ ಅವರ ಹೆಗಲಿಗೆ ಹೊದೆಸಿ, ಕೈ ಹಿಡಿದು ಎಬ್ಬಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಆತುಕೊಂಡು ಬಂದು ಒಳಗೆ ಸೇರಿದರು. ಹೆಲೆನ್ ಬಾಗಿಲು ಹಾಕಿ ಕಣ್ಣೊರೆಸಿಕೊಂಡಳು.

ಹೀಟರಿನ ಮುಂದೆ ನಡುಗುತ್ತಿದ್ದ ವೈನಿಯ ಮೇಲೆ ನನಗೆ ಸಿಟ್ಟೇ ಬಂತು. “ಅಂವಾ ಕರೀದೇ ಹೋಗಿದ್ರ ಏನ್ ಮಾಡ್ತಿದ್ರಿ ವೈನಿ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅಲ್ಲೇ ಕೂಡ್ತಿದ್ದೆ. ಒಬ್ಬನ್ನ ಹೆಂಗ ಬಿಟ್ಟ್ ಬರ್ಲೋ?”