ಕಂಪ್ಯೂಟರಿನೊಳಗಿನ ಎತ್ತುಗಳು

ಕೆಟ್ಟು ನಿಂತ ಯಂತ್ರದ ಎದುರು ಮನುಷ್ಯನ ನಿಜವಾದ ಬುದ್ಧಿ ಹೊರಬೀಳುತ್ತದೆ ಎಂಬುದು ನನ್ನ ಅನುಭವ. ಕೆಲವರು ಶಾಂತವಾಗಿ ಕಾರಣ ಹುಡುಕುತ್ತಾರೆ. ನಾನು ಮೊದಲು ಬೈಯುತ್ತೇನೆ, ಆಮೇಲೆ ಆಫ್ ಮಾಡಿ ಆನ್ ಮಾಡುತ್ತೇನೆ, ಅದೂ ಫಲಿಸದಿದ್ದರೆ ಚಹಾ ಕುಡಿಯಲು ಹೋಗುತ್ತೇನೆ. ಮುದ್ದೇಬಿಹಾಳದ ನಮ್ಮ ಕಾಲೇಜಿನಲ್ಲಿ ಈ ಹಿಂಗಾರಿನ ಹೊತ್ತಿಗೆ ನಾನು ಕುಡಿದ ಚಹಾಕ್ಕೆ ಲೆಕ್ಕವಿಲ್ಲ.

ಎತ್ತುಗಳಿಂದ ಒಂದು ಊರಿನ ಜೋಳದ ಬಿತ್ತನೆ ಮುಗಿಯಲು ಎಷ್ಟು ದಿನ ಬೇಕೆಂದು ತೋರಿಸುವ ಸಿಮ್ಯುಲೇಶನ್ ಒಂದನ್ನು ವಿದ್ಯಾರ್ಥಿಗಳಿಗಾಗಿ ಮಾಡುತ್ತಿದ್ದೆ. ಮಂಗಳವಾರ ಹೊರಗಿನಿಂದ ಪರಿಶೀಲಕರು ಬರುವವರಿದ್ದರು. ಅವರಿಗೆ ಅದನ್ನು ಓಡಿಸಿ ತೋರಿಸುತ್ತೇನೆಂದು ಪ್ರಾಚಾರ್ಯರ ಮುಂದೆ ಎದೆ ತಟ್ಟಿಕೊಂಡಿದ್ದೆ. ಅದೋ, ಜೋರಾಗಿ ಶುರುವಾಗಿ ನಡುವೆಯೇ ಗಪ್ಪನೆ ನಿಂತುಬಿಡುತ್ತಿತ್ತು. ವೈರಸ್ ಅಂದೆ, ಮೆಮರಿ ಸಾಲದು ಅಂದೆ, ಕರೆಂಟಿಗೆ ಶಾಪ ಹಾಕಿದೆ. ಕೊನೆಗೆ ಶನಿವಾರ ಕಂಪ್ಯೂಟರ್ ವಿಭಾಗದ ರೆಹಾನಾ ಮೇಡಂ ಅವರಿಗೆ ಕೈ ಮುಗಿದೆ.

ಅವರು ಅದು ನಿಂತ ಜಾಗವನ್ನಷ್ಟೇ ನೋಡಿದರು. "ಸರ್, ಇದು ಪ್ರತಿ ಸಲಾನೂ ಸೋಮವಾರಕ್ಕ ಬಂದು ನಿಲ್ಲಾಕತ್ತೈತ್ರಿ. ಆ ದಿನ ದುಡಿಯೋ ತಾಸು ಸೊನ್ನಿ ಅಂತ ಯಾಕ ಕೊಟ್ಟೀರಿ? ಸೊನ್ನಿಯಿಂದ ಭಾಗಿಸು ಅಂದ್ರ ಅದಾದ್ರೂ ಏನ್ ಮಾಡಬೇಕ್ರಿ?"

"ಸೋಮವಾರ ಬಸವಣ್ಣನ ವಾರ, ಎತ್ತು ಹೂಡೂದಿಲ್ಲಲ್ರೀ ಮೇಡಂ!"

"ಹೊಲದಾಗ ಹೂಡಬ್ಯಾಡ್ರಿ. ಇಲ್ಲಿ ಒಂದ ತಾಸು ಹಾಕ್ರಿ, ಓಡತೈತಿ."

ಹಾಕಿದೆ. ಓಡಿತು. ಕುಣಿದಾಡಬೇಕಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ನಮ್ಮೂರು ಹೂವಿನ ಹಿಪ್ಪರಗಿಯಲ್ಲಿ ಅಪ್ಪ ಸೋಮವಾರ ಬಂತೆಂದರೆ ಎತ್ತುಗಳ ಮೈ ತೊಳೆದು, ಹತ್ತಿಕಾಳು ಇಟ್ಟು, ನೊಗ ಹೊರುವ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ. ನಾನು ಪಕ್ಕದಲ್ಲಿ ಕೂತು ನಮ್ಮ ಎತ್ತು ಮೈಲ್ಯಾನ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತಿದ್ದೆ. ಒಮ್ಮೆ ಮೋಡ ಕವಿದಿತ್ತು, ಬಿತ್ತುವುದು ತುಸುವೇ ಉಳಿದಿತ್ತು. "ಇವತ್ತೊಂದಿನ ಹೂಡೂಣೇನಪಾ?" ಎಂದು ಕೇಳಿದೆ. ಅಪ್ಪ ಸಿಟ್ಟಾಗಲಿಲ್ಲ. "ಬಾಯಿಲ್ಲದ ಪ್ರಾಣಿ. ಸೂಟಿ ಬೇಕಂತ ಅದು ಕೇಳತೈತೇನು? ನಾವ ತಿಳಕೊಂಡು ಕೊಡಬೇಕು" ಎಂದ. ಈಗ ಅಪ್ಪನೂ ಇಲ್ಲ, ಎತ್ತುಗಳೂ ಇಲ್ಲ. ಹೊಲದಲ್ಲಿ ಬಾಡಿಗೆ ಟ್ರ್ಯಾಕ್ಟರು ವಾರವಿಡೀ ಓಡುತ್ತದೆ. ಆ ಸೋಮವಾರಗಳು ನನಗೆ ಬಹಳ ನೆನಪಾಗುತ್ತವೆ.

ಹಾಕಿದ ಒಂದು ತಾಸನ್ನು ತೆಗೆದುಬಿಟ್ಟೆ. ಸೋಮವಾರ ಬಂದರೆ ನಿಲ್ಲದೆ, ಭಾಗಿಸದೆ, ಸುಮ್ಮನೆ ದಾಟಿ ಮಂಗಳವಾರಕ್ಕೆ ಹೋಗುವಂತೆ ಮತ್ತೆ ಬರೆಯತೊಡಗಿದೆ. ಹೇಳಿದಷ್ಟು ಸುಲಭವಿರಲಿಲ್ಲ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ನಿಲ್ಲುತ್ತಿತ್ತು. ಭಾನುವಾರ ಮನೆಯಲ್ಲಿ ಕೂತೆ, ಮುಗಿಯಲಿಲ್ಲ. ಮರುದಿನ ಕಾಲೇಜಿನಲ್ಲಿ ರೆಹಾನಾ ಮೇಡಂ ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆ ಹೊತ್ತಿಗೆ ಅಂತೂ ಬಿತ್ತನೆ ಕೊನೆಯ ಹೊಲದವರೆಗೂ ಮುಗಿಯಿತು.

ಮಂಗಳವಾರ ಪರಿಶೀಲಕರು ಪರದೆಗೆ ಕಣ್ಣಿಟ್ಟು ನೋಡಿದರು. "ಚೆನ್ನಾಗಿದೆ. ಆದರೆ ಸೋಮವಾರ ಯಾರೂ ದುಡಿದೇ ಇಲ್ಲವಲ್ಲ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ರೆಹಾನಾ ಮೇಡಂ ಹೇಳಿದರು: "ದುಡದಾರ್ರಿ. ಎತ್ತಿಗೆ ಸೂಟಿ ಕೊಟ್ಟು, ನಿನ್ನಿ ಮುಂಜಾನಿಂದ ಸಂಜೀ ಮಟ ನಮ್ಮ ಸರ್ ಒಬ್ಬರ ದುಡದಾರ್ರಿ."

ದಿನವಿಡೀ ಪರದೆಯ ಮುಂದೆ ಬಗ್ಗಿ ಕೂತು ಕುತ್ತಿಗೆ ಹಿಡಿದುಕೊಂಡಿದ್ದರಿಂದ ಹೌದೆಂದು ತಲೆ ಆಡಿಸಲೂ ನನ್ನಿಂದ ಆಗಲಿಲ್ಲ.