ಒಗೆಯದ ಪ್ಯಾಂಟಿನ ವಿಜ್ಞಾನ

“ಈ ಪ್ಯಾಂಟಿಗೆ ಒಂದ್ಸಲ ಸೋಪು ಸೋಕಿದ್ರೂ ನಾನು ವಿಜ್ಞಾನಿನೇ ಅಲ್ಲ!”

ಕೊಳೆ ಡಾಕ್ಟರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಅವರ ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು, ಬಾಯಿ ತುಂಬ ನೊರೆ. ಬಟ್ಟೆ ಸಂಶೋಧನಾಲಯದಲ್ಲಿ ಕಲೆ, ಜಿಡ್ಡು, ಬೆವರುಗಳ ಮೇಲೆಯೇ ಡಾಕ್ಟರೇಟು ಮಾಡಿದವರು ಅವರು. ಸಹೋದ್ಯೋಗಿಗಳು ಪ್ರೀತಿಯಿಂದಲೋ ಹೊಟ್ಟೆಕಿಚ್ಚಿನಿಂದಲೋ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಎಂಥ ಕಲೆಯನ್ನೂ ತೆಗೆಯಬಲ್ಲ ಅವರಿಗೆ ಆ ಹೆಸರನ್ನು ಮಾತ್ರ ತೆಗೆಯಲಾಗಿರಲಿಲ್ಲ!

ಬಟ್ಟೆ ಹಾಳಾಗುವುದು ತೊಡುವುದರಿಂದಲ್ಲ, ಒಗೆಯುವುದರಿಂದ ಎಂಬುದು ಅವರ ಸಿದ್ಧಾಂತ. ಒಂದೊಂದು ಒಗೆತಕ್ಕೂ ನೂಲು ಸವೆಯುತ್ತದೆ, ಬಣ್ಣ ಬಿಡುತ್ತದೆ, ಗುಂಡಿ ಹಾರುತ್ತದೆ. ಸಿದ್ಧಾಂತದಲ್ಲಿ ತಪ್ಪಿರಲಿಲ್ಲ. ಅದನ್ನು ಅವರು ಒಂದೇ ಪ್ಯಾಂಟಿನ ಮೇಲೆ, ಅದೂ ತೊಟ್ಟುಕೊಂಡ ಪ್ಯಾಂಟಿನ ಮೇಲೆ ಪ್ರಯೋಗಿಸಹೊರಟಿದ್ದೇ ತಪ್ಪು.

“ನೀವು ಒಗೆಯಲ್ಲ ಅಂದ್ರೆ ನಾನೇ ಒಗೀತೀನಿ,” ಎಂದಳು ಹೆಂಡತಿ.

“ಬೇಡ! ನೀರು ತಾಗಬಾರದು!”

“ನೀರ್ಯಾಕೆ ತಾಗುತ್ತೆ? ಕಿಟಕಿಯಿಂದ ಆಚೆಗೆ ಒಗೀತೀನಿ!”

ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಹೆಂಗಸು ಅವಳು. ದಿನವಿಡೀ ರಕ್ತ, ಕಫಗಳ ನಡುವೆ ಇದ್ದು ಬಂದವಳಿಗೂ ಈ ಪ್ಯಾಂಟಿನ ಪಕ್ಕ ಕೂರುವುದು ಕಷ್ಟವಾಗತೊಡಗಿತು. ಆ ನೀಲಿ ಜೀನ್ಸಿನ ಮೊಣಕಾಲು ಹೊಳೆಯುತ್ತಿತ್ತು. ಬಿಚ್ಚಿ ಕುರ್ಚಿಯ ಮೇಲೆ ಹಾಕಿದರೆ ಒಳಗೆ ಯಾರೋ ಇದ್ದಾರೇನೋ ಎಂಬಂತೆ ಕೂತಿರುತ್ತಿತ್ತು. ಕರೆಗಂಟೆ ಒತ್ತಿದ ಕೊರಿಯರಿನವನೂ ಎರಡು ಹೆಜ್ಜೆ ಹಿಂದೆ ನಿಂತು ಸಹಿ ಕೇಳುತ್ತಿದ್ದ.

ಅಷ್ಟರಲ್ಲಿ ಸಂಶೋಧನಾಲಯದ ದೊಡ್ಡ ಸಭೆ ಗೊತ್ತಾಯಿತು. ಹೊಸದಾಗಿ ಶುರುವಾಗಲಿದ್ದ ವಿಭಾಗವೊಂದಕ್ಕೆ ಮುಖ್ಯಸ್ಥರನ್ನು ಅಲ್ಲೇ ಆರಿಸುವುದಿತ್ತು. ಕೊಳೆ ಡಾಕ್ಟರು ಅದೇ ಪ್ಯಾಂಟು ತೊಟ್ಟು ಭಾಷಣ ಮಾಡುವುದೆಂದು ನಿಶ್ಚಯಿಸಿದರು. ವಾಸನೆಗೂ ಉಪಾಯ ಹೂಡಿದರು. ಹಿಂದಿನ ದಿನ ಸಂಜೆ, ಸಿಂಪಡಿಸುವುದು ಒಗೆಯುವುದಲ್ಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಪ್ಯಾಂಟಿನ ಮೇಲೆ ನೀರು ಸಿಂಪಡಿಸಿ, ಮಡಿಸದೆ ಉದ್ದಕ್ಕೆ ಚಾಚಿ, ಪೆಟ್ಟಿಗೆಯಂಥ ಉದ್ದನೆಯ ಫ್ರೀಜರಿಗೆ ತುರುಕಿದರು. ಸಿಂಪಡಿಸುತ್ತ ಉತ್ಸಾಹ ಏರಿ ಇಡೀ ಬಾಟಲಿ ಖಾಲಿಯಾದದ್ದು ಅವರ ಗಮನಕ್ಕೆ ಬರಲಿಲ್ಲ.

“ಸೂಕ್ಷ್ಮಜೀವಿಗಳೆಲ್ಲ ಚಳಿಗೆ ಸೆಟೆದು ಸಾಯ್ತವೆ ನೋಡು!”

“ರೀ, ಸೂಕ್ಷ್ಮಜೀವಿಗಳನ್ನ ಬದುಕಿಸಿ ಇಡೋದಕ್ಕೇ ಕಣ್ರೀ ನಮ್ಮ ಆಸ್ಪತ್ರೇಲಿ ಫ್ರೀಜರ್ ಇರೋದು!”

“ಅದು ಆಸ್ಪತ್ರೆ ಫ್ರೀಜರ್. ಇದು ಮನೇದು!” ಎಂದು ಡಾಕ್ಟರು ವಾದವನ್ನು ಮುಗಿಸಿದರು. ಗೆದ್ದರೆಂದು ಹೇಳಲಾಗದು.

ಮನೆಯಲ್ಲಿ ಮಾವನೂ ಇದ್ದರು. ನಿವೃತ್ತರಾದ ಮೇಲೆ ಗಾಳ ಹಿಡಿದು ಹೊಳೆದಂಡೆ ಸೇರುವುದೇ ಅವರ ಕಸುಬು. ಆ ಸಂಜೆ ಎಂದಿಲ್ಲದಂತೆ ಮೀನು ಸಿಕ್ಕಿದ್ದವು! ಸಂಭ್ರಮದಲ್ಲಿ ಅವರು ಪೊಟ್ಟಣವನ್ನು ಫ್ರೀಜರಿನಲ್ಲಿ ಜಾಗವಿದ್ದಲ್ಲಿ, ಅಂದರೆ ಅಳಿಯನ ಪ್ಯಾಂಟಿನ ಮೇಲೆ, ಇಟ್ಟು ಬಾಗಿಲು ಒತ್ತಿದರು.

ಬೆಳಿಗ್ಗೆ ಡಾಕ್ಟರು ಫ್ರೀಜರ್ ತೆರೆದರೆ ಪ್ಯಾಂಟು ಹಲಗೆಯಾಗಿತ್ತು! ಒಡೆದ ಪೊಟ್ಟಣ ಅದಕ್ಕೆ ಅಂಟಿಕೊಂಡಿತ್ತು. ಎಳೆದರು, ಕುಕ್ಕಿದರು, ಕೊನೆಗೆ ಸೌಟಿನಿಂದ ಮೀಟಿ ಬಿಡಿಸಿದರು. ಬಿಡಿಸಿ ನೆಲಕ್ಕಿಟ್ಟರೆ ಪ್ಯಾಂಟು ಯಾರ ಹಂಗೂ ಇಲ್ಲದೆ ಸ್ವಂತ ಕಾಲ ಮೇಲೆ ನಿಂತಿತು.

“ಬೇರೆ ಪ್ಯಾಂಟು ಹಾಕ್ಕೊಂಡು ಹೋಗ್ರೀ, ಮರ್ಯಾದೆ ಉಳಿಯುತ್ತೆ,” ಎಂದು ಹೆಂಡತಿ ಕೈಮುಗಿದಳು.

“ಭಾಷಣ ಇರೋದೇ ಈ ಪ್ಯಾಂಟಿನ ಬಗ್ಗೆ!”

ಮೀನಮೇಷ ಎಣಿಸಲು ಹೊತ್ತಿರಲಿಲ್ಲ. ಮೇಷ ಎಲ್ಲೂ ಇರಲಿಲ್ಲ, ಮೀನಿನ ವಾಸನೆಯಂತೂ ಧಾರಾಳವಾಗಿತ್ತು. ಡಾಕ್ಟರು “ಅಯ್ಯಯ್ಯೋ!” ಎನ್ನುತ್ತ ಒಂದು ಕಾಲು, “ಅಮ್ಮಾ!” ಎನ್ನುತ್ತ ಇನ್ನೊಂದು ಕಾಲು ತೂರಿಸಿದರು. ಮೊಣಕಾಲು ಮಡಚುವಂತಿರಲಿಲ್ಲ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಕೊಂಡು ಹೋಗಬೇಕಾಯಿತು.

“ಯಾವ ಆಸ್ಪತ್ರೆಗೆ ಸಾರ್?” ಎಂದ ಚಾಲಕ.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ನಿರ್ದೇಶಕರು, ಮುಂದಿನ ಸಾಲಿನಲ್ಲಿ ಸೋಪಿನ ಪುಡಿ ಕಾರ್ಖಾನೆಯ ದಪ್ಪ ಮಾಲೀಕರು. ಡಾಕ್ಟರು ಗೊಂಬೆಯ ಹಾಗೆ ನಡೆದು ಮೈಕು ಹಿಡಿದರು. ತಲೆಯ ಮೇಲೆ ಬಿಸಿಬಿಸಿ ದೀಪಗಳು ಉರಿಯುತ್ತಿದ್ದವು.

“ಮಹನೀಯರೇ! ನಾನು ತೊಟ್ಟಿರುವ ಈ ಪ್ಯಾಂಟನ್ನು ಕೊಂಡ ದಿನದಿಂದ ಒಮ್ಮೆಯೂ ಒಗೆದಿಲ್ಲ!”

ಚಪ್ಪಾಳೆ ಬಿತ್ತು. ಅದರ ಹಿಂದೆಯೇ ಹನಿ ಬಿತ್ತು. ಟಪ್. ಟಪ್ ಟಪ್. ನೋಡನೋಡುತ್ತಿದ್ದಂತೆ ಡಾಕ್ಟರ ಎರಡೂ ಕಾಲಿನಿಂದ ನೀರಿಳಿದು ವೇದಿಕೆಯ ಮೇಲೆ ಪುಟ್ಟ ಕೆರೆಯಾಯಿತು. ಮುಂದಿನ ಸಾಲಿನವರು ಮೊದಲು ನೆಲ ನೋಡಿದರು, ಆಮೇಲೆ ಮರ್ಯಾದೆಗೆ ಛಾವಣಿ ನೋಡಿದರು.

ನಿರ್ದೇಶಕರು ಬಾಗಿ ಪಿಸುಗುಟ್ಟಿದರು. “ಏನ್ರೀ ಇದು, ತಡ್ಕೊಳ್ಳೋಕೆ ಆಗ್ಲಿಲ್ವಾ?”

“ಅದಲ್ಲ ಸಾರ್, ಕರಗ್ತಾ ಇದೆ!”

“ಏನು ಕರಗ್ತಾ ಇದೆ?”

“ಪ್ಯಾಂಟು ಸಾರ್!”

ಇಷ್ಟನ್ನೂ ಮೈಕು ಸಭೆಗೆ ಚಾಚೂ ತಪ್ಪದೆ ಕೇಳಿಸಿತು. ಜೊತೆಗೆ ವಾಸನೆಯೂ ಎಚ್ಚರಗೊಂಡು ಸಾಲುಸಾಲಾಗಿ ಹಿಂದಕ್ಕೆ ಸಾಗಿತು. ಅದು ಎಲ್ಲಿಯವರೆಗೆ ತಲುಪಿದೆಯೆಂದು ಮೇಲೇಳುವ ಕರವಸ್ತ್ರಗಳಿಂದಲೇ ತಿಳಿಯುತ್ತಿತ್ತು. ಡಾಕ್ಟರ ಹಣೆಯಲ್ಲಿ ಬೆವರು ಧಾರೆಯಾಯಿತು. ಒರೆಸಿಕೊಳ್ಳೋಣವೆಂದು ಜೇಬಿಗೆ ಕೈಹಾಕಿ, ಸಿಕ್ಕಿದ್ದನ್ನು ಎಳೆದು ಹಣೆಗೆ ಒತ್ತಿಕೊಂಡರು. ತಣ್ಣಗಿತ್ತು. ಜಾರುತ್ತಿತ್ತು. ಸಭೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವರ ಕೈಯಲ್ಲಿ ಬೆರಳುದ್ದದ ಮೀನೊಂದು ಬಾಯಿ ತೆರೆದುಕೊಂಡಿತ್ತು!

ಡಾಕ್ಟರಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಇಷ್ಟು ವರ್ಷದ ದುಡಿಮೆ, ಪ್ರಬಂಧಗಳು, ಮುಖ್ಯಸ್ಥನಾಗುವ ಕನಸು ಎಲ್ಲ ಪ್ಯಾಂಟಿನಂತೆಯೇ ನೀರಾಗಿ ಇಳಿದುಹೋಗುತ್ತಿದ್ದವು. ನಗು ಭುಗಿಲೆದ್ದಿತು.

ಆಗ ಸೋಪಿನ ಮಾಲೀಕರು ಎದ್ದು ನಿಂತರು. ಮೂಗು ಹಿಡಿದ ಕೈಯನ್ನು ತೆಗೆಯದೆಯೇ ಗದ್ಗದಿತರಾಗಿ ನುಡಿದರು.

“ಅದ್ಭುತ! ಜಾಹೀರಾತಿಗೆ ಎಷ್ಟೋ ಸುರಿದಿದ್ದೀನಿ. ಒಗೆಯದಿದ್ರೆ ಮನುಷ್ಯನ ಗತಿ ಏನಾಗುತ್ತೆ ಅನ್ನೋದನ್ನ ಹೀಗೆ ತೋರಿಸಿದವರಿಲ್ಲ! ಹೊಸ ವಿಭಾಗ ಒಗೆತಕ್ಕೇ ಮೀಸಲಾಗ್ಲಿ, ಇವರೇ ಮುಖ್ಯಸ್ಥರಾಗ್ಲಿ, ಖರ್ಚೆಲ್ಲ ನಂದು!”

ನಿರ್ದೇಶಕರು ತಟ್ಟನೆ ಮೈಕು ಕಿತ್ತುಕೊಂಡರು. “ನಮ್ಮ ವಿಜ್ಞಾನಿಗಳ ಉದ್ದೇಶವೂ ಅದೇ ಆಗಿತ್ತು!”

ಡಾಕ್ಟರು ಬಾಯಿ ತೆರೆದರು. ಸತ್ಯ ಗಂಟಲವರೆಗೂ ಬಂದಿತ್ತು. ಮುಖ್ಯಸ್ಥರ ಕುರ್ಚಿ ಕಣ್ಣಮುಂದೆ ಸುಳಿಯಿತು. ಬಾಯಿ ಮುಚ್ಚಿದರು. ಹೀಗೆ ಒಗೆತದ ಪರಮವೈರಿ ಒಗೆತ ವಿಭಾಗದ ಮೊದಲ ಮುಖ್ಯಸ್ಥರಾದರು!

ಸಂಜೆ ಒದ್ದೆ ಕಾಲಲ್ಲಿ ಮನೆಗೆ ಬಂದವರೇ ಎದೆಯುಬ್ಬಿಸಿ ಸುದ್ದಿ ಹೇಳಿದರು. ಮೀನಿನ ಭಾಗ ಬಂದಾಗ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ, ಹಾಸಿಗೆ ಹೊದಿಕೆಗಳಿಂದ ಹಿಡಿದು ಅಪ್ಪನ ಅಂಗಿಗಳವರೆಗೆ ಎಲ್ಲ ತುಂಬಿದ ದೊಡ್ಡ ಬುಟ್ಟಿಯನ್ನು ಎತ್ತಿ ತಂದು ಗಂಡನ ಮುಂದಿಟ್ಟಳು.

“ತುಂಬ ಸಂತೋಷ ಕಣ್ರೀ, ಮುಖ್ಯಸ್ಥರೇ. ಮನೇಲೂ ಒಂದು ಶಾಖೆ ತೆರೀರಿ!”