ಕಾಕಾನ ಕಾಯಿಲೆ ಫಾರ್ಮು

ನಮ್ಮ ಕಾಕಾ ಹಿಮಾಲಯಕ್ಕೆ ಹೋಗಿಲ್ಲ. ಹೋಗಿದ್ದರೆ ಹತ್ತುವ ಮೊದಲು ಹಿಮಾಲಯದ ಬಿ.ಪಿ. ನೋಡುತ್ತಿದ್ದರು!

ಹುನಗುಂದದ ಡಾಕ್ಟರೊಬ್ಬರ ಬಳಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು. ಕೆಲಸ ಬಿಟ್ಟು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿದ ಮೇಲೆ ಸುಮ್ಮನೆ ಪೇಪರ್ ಓದುತ್ತ ಕೂರಬಹುದಿತ್ತಲ್ಲ? ಕೂರಲಿಲ್ಲ. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಾದಾಮಿ ಸುತ್ತಲಿನ ಗುಡ್ಡ ಅಲೆಯುವ ಚಟ ಹಿಡಿಯಿತು. "ಇದೇನ್ ದೊಡ್ಡ ಕಾಡೇನ್ರಿ ಕಾಕಾ? ಇಷ್ಟ್ಯಾಕ ತಯಾರಿ?" ಎಂದು ನಾನು ಕೇಳಿದರೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಫೋನ್ ಹತ್ತಲಾರದ ಜಾಗಾ ಎಲ್ಲಾ ಕಾಡೇ. ಅಲ್ಲೆ ನೀ ಬಿದ್ರ ಎತ್ತಾಕ ಮಂಗ್ಯಾಗೋಳು ಬರ್ತಾವೇನು?"

ಎತ್ತುವುದಕ್ಕೂ ಅವರ ಬಳಿ ವ್ಯವಸ್ಥೆ ಇತ್ತು. ಎರಡು ಬಿದಿರಿನ ಗಳ, ನಡುವೆ ಅವರ ಹೆಂಡತಿ, ನಮ್ಮ ಕಾಕೂನ ಹಳೆಯ ಇಳಕಲ್ ಸೀರೆ. ಅದೇ ಸ್ಟ್ರೆಚರ್! "ಇಳಕಲ್ ಸೀರಿ ಅಂದ್ರ ಏನಂತ ತಿಳದಿ? ಆನಿ ಮಲಗಿದ್ರೂ ಹರಿಯಂಗಿಲ್ಲ" ಎಂದರು. ವಿದ್ಯಾಗಿರಿಯಲ್ಲಿ ಆನೆ ಸಿಗಲಿಲ್ಲವಾದ್ದರಿಂದ ನನ್ನನ್ನು ಮಲಗಿಸಿದರು. ನಾಲ್ಕು ಜನ ನನ್ನನ್ನು ಹೊತ್ತು ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು. ಎದುರು ಮನೆಯ ಅಜ್ಜಿ ಅಳಲು ಶುರುಮಾಡಿದರು. ಮೂಲೆ ಮನೆಯ ಯಜಮಾನರು ಅವಸರದಲ್ಲಿ ಹೂವಿನ ಹಾರವನ್ನೇ ತಂದುಬಿಟ್ಟರು. ನಾನು ಎದ್ದು ಕೂತು ನಮಸ್ಕಾರ ಮಾಡಿದೆ. ತಂದ ಹಾರವನ್ನು ಮನೆಗೆ ವಾಪಸ್ ಒಯ್ಯುವುದು ಹೇಗೆ? ಕಾಕಾನ ಕೊರಳಿಗೆ ಹಾಕಿ ಹೋದರು!

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಫಾರ್ಮು. ಹೊರಡುವ ಹಿಂದಿನ ದಿನ ಎಲ್ಲರೂ ಕಾಕಾನ ಪಡಸಾಲೆಯಲ್ಲಿ ಸೇರಿ ತಮಗಿರುವ ಕಾಯಿಲೆ, ನುಂಗುವ ಗುಳಿಗೆ ಎಲ್ಲ ಬರೆದು ಕೊಡಬೇಕು. ಬರೆದ ಕಾಯಿಲೆಗೆ ಮಾತ್ರ ಚೀಲದಲ್ಲಿ ಔಷಧ. "ಇಡೀ ದವಾಖಾನಿ ಹೊತಗೊಂಡು ಗುಡ್ಡಾ ಹತ್ತಾಕ ಆಗತದೇನು?" ಎನ್ನುವುದು ಅವರ ನ್ಯಾಯ. ಆಮೇಲೆ ಅಷ್ಟೂ ಫಾರ್ಮುಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು! ತಾನೇ ಬಿದ್ದರೆ ಉಳಿದವರಿಗೆ ಗೊತ್ತಿರಬೇಕಲ್ಲ ಎಂದು. "ಮ್ಯಾನೇಜರ್ ಸಾಹೇಬ್ರಿಗೆ ಮೂಲವ್ಯಾಧಿ. ಯಾರೂ ಅವ್ರನ್ನ ಕಲ್ಲಿನ ಮ್ಯಾಲೆ ಕುಂದರಸಬ್ಯಾಡ್ರಿ!" ಪಾಪ, ಮ್ಯಾನೇಜರ್ ಸಾಹೇಬರು ಮುಂದಿನ ತಿಂಗಳಿಂದ ಬರುವುದನ್ನೇ ಬಿಟ್ಟರು.

ನಾವು ಬಾದಾಮಿಯಿಂದ ಗುಡ್ಡದ ಮೇಲಿನ ಕಾಲುದಾರಿ ಹಿಡಿದು ಮಹಾಕೂಟಕ್ಕೆ ಹೊರಟ ಸಲ ನನಗೂ ಹಾಗೆ ಬಿಡುವ ಬುದ್ಧಿ ಬಂದಿದ್ದರೆ! ಆಗ ನನ್ನ ಮಗಳಿಗೆ ಹುನಗುಂದದ ಒಂದು ಮನೆತನದಿಂದ ಮಾತು ಬಂದಿತ್ತು. ಹುಡುಗನ ತಂದೆ ನಮ್ಮನ್ನು ಹತ್ತಿರದಿಂದ ನೋಡಲೆಂದೋ ಏನೋ, "ನಾನೂ ಗುಡ್ಡಕ್ಕ ಬರ್ತೇನ್ರಿ" ಎಂದರು. ನನಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿಕೊಂಡು, ನನ್ನ ಹೆಂಡತಿಯ ಹೊರತು ಯಾರಿಗೂ ಹೇಳದೆ ಗುಳಿಗೆ ನುಂಗುತ್ತಿದ್ದೆ. ಈಗ ಕಾಕಾ ಅದನ್ನು ಬೀಗರಾಗುವವರೆದುರು ಗಟ್ಟಿಯಾಗಿ ಓದುತ್ತಾರೆ! ಫಾರ್ಮಿನಲ್ಲಿ "ಏನೂ ಇಲ್ಲ" ಎಂದು ಬರೆದೆ. ಬೀಗರೂ "ಏನೂ ಇಲ್ಲ" ಎಂದು ಬರೆದರು.

"ಬೀಗ್ರು ಇಬ್ರೂ ಕಲ್ಲಿನಂಗ ಅದಾರ ನೋಡ್ರಿ!" ಎಂದು ಕಾಕಾ ಹಿಗ್ಗಿದರು. ಸಕ್ಕರೆಯವರಿಗೆ ಸಕ್ಕರೆ ತೀರ ಇಳಿದರೆ ಬಾಯಿಗೆ ಹಾಕುವ ಗ್ಲೂಕೋಸಿನ ಡಬ್ಬಿಯನ್ನು ಚೀಲದಿಂದ ತೆಗೆದು, "ಸಕ್ರಿ ಇದ್ದವ್ರು ಒಬ್ರೂ ಇಲ್ಲ. ಇದ್ಯಾಕ ಭಾರ?" ಎಂದು ನನ್ನ ಕಣ್ಣೆದುರೇ ಕಪಾಟಿನಲ್ಲಿಟ್ಟರು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಮರುದಿನ ಬೆಳಿಗ್ಗೆ ಬಾದಾಮಿಯಲ್ಲಿ ನಾಷ್ಟಾಕ್ಕೆ ಕೂತಾಗ ಬೀಗರು ತಟ್ಟೆ ಸರಿಸಿದರು. "ಮಹಾಕೂಟದಾಗ ದರ್ಶನಾ ಆಗೂತನಕ ನನಗ ಬರೇ ನೀರ್ರಿ." ಭಕ್ತಿಯಲ್ಲಿ ನಾನು ಕಡಿಮೆಯೇ? "ನನಗೂ ಹಂಗರಿ" ಎಂದೆ. ಬರಿಹೊಟ್ಟೆಯಲ್ಲಿ ಸಕ್ಕರೆಯನ್ನು ಪಾತಾಳಕ್ಕಿಳಿಸುವ ಗುಳಿಗೆ ಆಗಲೇ ಹೊಟ್ಟೆಗಿಳಿದಿತ್ತು. ಕಾಕಾ ಬೇಡವೆಂದರು, ಗದರಿದರು, ಕೊನೆಗೆ ಫಾರ್ಮು ನೆನೆದು "ಗಟ್ಟಿ ಮಂದಿ ಅದೀರಿ, ನಡೀರಿ" ಎಂದರು.

ಅರ್ಧ ದಾರಿಯಲ್ಲಿ ಬೆವರಿತು, ಕೈ ನಡುಗಿತು, ನಾಲಿಗೆ ತೊದಲಿತು, ಬಿದ್ದೆ. ಫಾರ್ಮಿನಲ್ಲಿ ಏನೂ ಇಲ್ಲದವನಿಗೆ ಬಿಸಿಲಲ್ಲದೆ ಇನ್ನೇನು ಬಡಿದೀತು? ಕಾಕಾ ನೆರಳಿಗೆ ಎಳೆದರು, ತಣ್ಣೀರು ಬಟ್ಟೆ ಹಾಕಿದರು, ಗಾಳಿ ಬೀಸಿದರು. ನಾನು ಏಳಲಿಲ್ಲ. ಇಳಕಲ್ ಸೀರೆಯಲ್ಲಿ ಹೊತ್ತು ಇಳಿಸಿದರು. ಎಪ್ಪತ್ತರ ಕಾಕಾ ಒಂದು ಗಳವನ್ನು ಯಾರಿಗೂ ಬಿಡದೆ ತಾವೇ ಹೊತ್ತಿದ್ದರಂತೆ.

ಸುದ್ದಿ ತಿಳಿದು ದವಾಖಾನೆಗೆ ಓಡಿಬಂದ ನನ್ನ ಹೆಂಡತಿ ಡಾಕ್ಟರಿಗೆ ನಿಜ ಹೇಳಿದಳು. ಹೊರಗೆ ಬಂದು, "ಬಿಸಲು ಬಡದಿತ್ತಂತ್ರಿ" ಎಂದಳು. ಹಾಗೆ ಹೇಳಲು ಕಲಿಸಿದವನು, ಕಣ್ಣು ಬಿಟ್ಟೊಡನೆ, ನಾನೇ.

"ಇಷ್ಟು ಸಾಮಾನು ಹೊತಗೊಂಡು ಬಂದು, ಬಿಸಲಿಗೆ ಬಿದ್ದವ್ರನ್ನ ಎಬ್ಬಸಾಕ ಆಗಲಿಲ್ಲಲ್ರಿ ನಿಮಗ!" ಎಂದರು ಬೀಗರು. ಬಾಗಿಲಾಚೆ ಕಾಕಾ ತಲೆ ತಗ್ಗಿಸಿ ನಿಂತಿದ್ದನ್ನು ಮಂಚದ ಮೇಲಿಂದ ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ಕಾಕಾ ಗುಡ್ಡಕ್ಕೆ ಹೋಗುವುದನ್ನು ಬಿಟ್ಟರು. "ನನ್ನ ಕೈ ಮ್ಯಾಲೆ ನನಗಽ ಭರೋಸಾ ಉಳದಿಲ್ಲ" ಎಂದರಂತೆ. ಓಣಿಯವರು ತಲೆನೋವಿನ ಗುಳಿಗೆ ಕೇಳಿದರೂ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ, ಮದುವೆ ಆಗಿಬಿಡಲಿ, ಆಮೇಲೆ ಹೇಳುತ್ತೇನೆ ಎನ್ನುತ್ತ ಎರಡು ವರ್ಷ ಕಳೆದೆ. ನನ್ನಂಥ ಹೇಡಿ ಇನ್ನೊಬ್ಬನಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಇದ್ದ! ಮದುವೆಯ ದಿನ ಊಟಕ್ಕೆ ಮುಂಚೆ ಉಗ್ರಾಣಕ್ಕೆ ಹೋದರೆ ಅಕ್ಕಿ ಚೀಲಗಳ ಹಿಂದೆ ಬೀಗರು ನಿಂತು ಗುಳಿಗೆ ನುಂಗುತ್ತಿದ್ದರು. ನೋಡಿದೆ. ನನ್ನ ಗುಳಿಗೆಯೇ! ಅದೇ ಬಣ್ಣದ ಪಟ್ಟಿ!

"ಎಷ್ಟ್ ವರ್ಷಾತ್ರಿ?"

"ಹತ್ತಾತ್ರಿ. ಗುಡ್ಡದ ದಿನ ಉಪಾಸ ಅಂತ ಗುಳಗಿ ತಗೊಂಡಿರಲಿಲ್ಲ, ಅದಕ್ಕಽ ಬಚಾವಾದೆ" ಎಂದರು ಬೀಗರು, ನಾಚಿಕೊಳ್ಳುತ್ತ.

ಒಂದೇ ಗುಡ್ಡದ ಮೇಲೆ ಇಬ್ಬರು ಸಕ್ಕರೆಯವರು, ಚೀಲದಲ್ಲಿ ಚಿಟಿಕೆ ಸಕ್ಕರೆ ಇಲ್ಲ! ನಗು ಬಂತು. ನಗುತ್ತಿದ್ದಂತೆ ಕಾಕಾ ತಲೆ ತಗ್ಗಿಸಿ ನಿಂತಿದ್ದು ನೆನಪಾಗಿ ನಗು ಅಲ್ಲೇ ನಿಂತಿತು.

ಮರುದಿನ ಮಗಳನ್ನು ಕಳಿಸಿಕೊಟ್ಟು, ಅಲ್ಲಿಂದ ನೇರವಾಗಿ ವಿದ್ಯಾಗಿರಿಗೆ ಹೋದೆ. ಕಾಕಾನೆದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ.

"ಹಂಗಾರ... ನಾ ಏನೂ ತಪ್ಪು ಮಾಡಿರಲಿಲ್ಲ?"

"ಇಲ್ರಿ ಕಾಕಾ. ನಾ ಸುಳ್ಳ ಬರದಿದ್ದೆ."

"ಖರೆ ಹೇಳ್ತಿ?"

"ಖರೆ ಅದರಿ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಅವರು ನನ್ನ ಕೈ ಹಿಡಿದರು. ಬೆರಳು ತಾನಾಗಿಯೇ ನಾಡಿಯ ಮೇಲೆ ಹೋಯಿತು.

"ಇವತ್ತ ಗುಳಗಿ ತಗೊಂಡಿ?"

"ಹೌದ್ರಿ."

"ಊಟಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಕಾಕಾ ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಏ, ಲಗೂನ ತಾಟ ಹಚ್ಚು. ಹುಡುಗ ಉಂಡಿಲ್ಲ."